ಒಲೆ ಆರಿಸದೆ ಹೋದ ಆಪಾ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಊರಿನವರ ದನಿಗಳನ್ನೆಲ್ಲ ಕದ್ದು ನಗಿಸುತ್ತಿದ್ದವನು ನಾನು, ಸ್ವಂತ ದನಿಯಲ್ಲಿ ಮಾತಾಡಿದರೆ ಅಮ್ಮನೇ "ಯಾರ್ಲಾ ಅದು?" ಅನ್ನುತ್ತಿದ್ದಳು. ನಿನ್ನೆ ರಾಮನಗರದ ನಮ್ಮ ಬೀದಿಯಲ್ಲಿ ಬೇಯುವ ರೇಷ್ಮೆಗೂಡಿನ ಕಮಟು ವಾಸನೆ ಮೂಗಿಗೆ ಹೊಡೆಯಿತು. ಆಪಾ ನೆನಪಾದರು...

ಬೀದಿಗೆಲ್ಲ ಅಕ್ಕನಂತಿದ್ದ ಪಕ್ಕದ ಮನೆಯ ಆಪಾ ಹಿತ್ತಲಲ್ಲೇ ನೂಲು ತೆಗೆಯುತ್ತಿದ್ದರು. ಒಳಗೆ ಹುಳ ಬದುಕಿರುವಾಗಲೇ ಗೂಡನ್ನು ಬೇಯಿಸಬೇಕು. ತಡವಾದರೆ ಚಿಟ್ಟೆ ತೂತು ಮಾಡಿ ಹೊರಬರುತ್ತದೆ, ನೂಲು ಕೆಡುತ್ತದೆ. ಗೂಡಿನ ವಿಷಯದಲ್ಲಿ ಒಂದು ದಿನವೂ ಕಾಯದ ಆಪಾ ಒಂದು ಕಾಗದದ ಮುಂದೆ ಮಾತ್ರ ತಿಂಗಳುಗಟ್ಟಲೆ ಕೂತಿದ್ದರು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪ್ರನಾಳ ಶಿಶುವಾಗಿ ಮಗಳು ಹುಟ್ಟಿದ್ದಳು. ಉಳಿದ ಮೂರು ಭ್ರೂಣಗಳನ್ನು ಅಲ್ಲೇ ಹಿಮಗಟ್ಟಿಸಿ ಇಟ್ಟಿದ್ದರು. ಇನ್ನೊಂದು ಹೆರಿಗೆಯಾದರೆ ಆಪಾ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಆಸ್ಪತ್ರೆಯ ಆ ಕಾಗದ ಕೇಳುತ್ತಿತ್ತು: ಇಡಬೇಕೆ, ಬಿಸಾಡಬೇಕೆ, ಕಾಂಡಕೋಶದ, ಅಂದರೆ ಸ್ಟೆಮ್ ಸೆಲ್ಲಿನ, ಸಂಶೋಧನೆಗೆ ಕೊಡುತ್ತೀರಾ? ಕೊಟ್ಟರೆ ಯಾರದೋ ಕಾಯಿಲೆಗೆ ಮದ್ದು ಸಿಗಬಹುದು. ಆದರೆ ಕೊಡುವುದೆಂದರೆ ಕೊಲೆ, ಕಾನೂನು ತಂದು ಇದನ್ನು ನಿಲ್ಲಿಸಿ ಎಂದು ಮೊಬೈಲಿನ ವಿಡಿಯೋದಲ್ಲಿ ಯಾವನೋ ಭಾಷಣಕಾರ ಕೂಗಿದ್ದ. ಅದನ್ನು ಮತ್ತೆ ಮತ್ತೆ ನೋಡಿ ಆಪಾ ಊಟ ಬಿಟ್ಟಿದ್ದರು.

ಸಹಿಗಾಗಿ ಆಗಾಗ ಫೋನ್ ಮಾಡುತ್ತಿದ್ದ ಆಸ್ಪತ್ರೆಯ ಮೇಡಂ ಅವರ ದನಿಯನ್ನು, ಕೈ ಒದ್ದೆಯೆಂದು ಆಪಾ ಸ್ಪೀಕರಿಗೆ ಹಾಕುತ್ತಿದ್ದುದರಿಂದ, ಗೋಡೆಯಾಚೆಯಿಂದ ಕೇಳಿಯೇ ಕಲಿತಿದ್ದೆ. ಒಂದು ಮಧ್ಯಾಹ್ನ ಗೆಳೆಯನ ಫೋನಿನಿಂದ ಆಪಾಗೆ ಕರೆ ಮಾಡಿದೆ: "ನಿಮ್ಮ ಸಹಿ ಬಂದಿಲ್ಲಮ್ಮ. ಮೂರು ಗಂಟೆಗೆ ಭ್ರೂಣಗಳನ್ನ ತೆಗೆದು ಬಿಸಾಡಿಬಿಡ್ತೀವಿ." ಬೈಯುತ್ತಾರೆ, ನಗಬಹುದು ಎಂದುಕೊಂಡಿದ್ದೆ. ಗೋಡೆಯಾಚೆ ರಾಟೆ ನಿಂತಿತು.

ಹೋಗಿ ನೋಡಿದರೆ ಒಲೆ ಉರಿಯುತ್ತಿತ್ತು; ಗೂಡುಗಳು ಬೆಂದು ಮುದ್ದೆಯಾಗುತ್ತಿದ್ದವು. ಕುದಿವ ನೀರು ಬಿಟ್ಟು ಕದಲುವವರೇ ಅಲ್ಲ ಆಪಾ. ಗಾಬರಿಯಲ್ಲಿ ಹೆದ್ದಾರಿಗೆ ಅಡ್ಡ ಓಡಿದ್ದರೆ?... ಬಸ್ ಸ್ಟ್ಯಾಂಡಿಗೆ ಓಡಿದೆ. ಹೊರಡಲಿದ್ದ ಬೆಂಗಳೂರಿನ ಬಸ್ಸಿನಲ್ಲಿ, ಬಿಸಿನೀರಿಗೆ ಬಿಳಿಚಿದ ಬೆರಳುಗಳಿಂದ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು.

"ಆಪಾ, ಅದು ನಾನೇ... ತಮಾಷೆಗೆ ಮಾಡ್ದೆ."

ಹೊಡೆಯಲಿಲ್ಲ. "ಆ ದನೀಲೇ ಇನ್ನೊಂದ್ಸಲ ಹೇಳು. ಇನ್ನೂ ಅವೆ ಅಂತ ಹೇಳು."

ಬಸ್ಸಿನವರೆಲ್ಲ ನೋಡುತ್ತಿದ್ದರು. "ಇನ್ನೂ ಇವೆ ಅಮ್ಮಾ" ಎಂದೆ. ದನಿ ಅರ್ಧದಲ್ಲೇ ಒಡೆಯಿತು.

ಈಗ ಆಪಾ ಇಲ್ಲ. ಆ ಹಿತ್ತಲಲ್ಲಿ ಬೇರೆ ಯಾರೋ ಗೂಡು ಬೇಯಿಸುತ್ತಾರೆ. ಎಲ್ಲರ ದನಿಯೂ ಬರುವ ನನಗೆ ಅವರದ್ದು ಮಾತ್ರ ಬರುವುದಿಲ್ಲ... ಮಾತಷ್ಟೇ ಉಳಿದಿದೆ. ಕೊನೆಗೂ ಆಪಾ ಸಂಶೋಧನೆಗೆ ಎಂದು ಸಹಿ ಹಾಕಿ ಬಂದ ದಿನ, ನನ್ನ ಹಾಳು ಬಾಯಿ ಕೇಳಿತ್ತು: "ಅಂದ್ರೆ ಅದು ಜೀವ ಅಲ್ಲ ಅಂತಾಯ್ತಲ್ಲ, ಆಪಾ?"

ನೀರಿನಿಂದ ಕೈ ತೆಗೆಯದೆಯೇ ಅಂದಿದ್ದರು: "ಅಲ್ಲ ಅಂತ ನಾನೆಲ್ಲಂದೆ? ಒಳಗಿನ ಹುಳ ಸಾಯ್ತದೆ ಅಂತ ಗೊತ್ತಿದ್ದೇ ದಿನಾ ಈ ನೀರಿಗೆ ಕೈ ಹಾಕೋಳು ಕಣೋ ನಾನು. ನಾ ಮಾಡಿದ್ದನ್ನ ನಿನ್ನಂಗೆ ಬೇರೇರ ದನೀಲಿ ಹೇಳಾಕಿಲ್ಲ."