ಬಿಸಿಲಿಗಿಟ್ಟ ಡೀಬಗ್ಗರ್

ಮಳೆ ನಿಂತು ಬಿಸಿಲು ಬಿದ್ದರೆ ಸಾಕು, ಆ ಕಾಲದಲ್ಲಿ ನಮ್ಮ ಪರ್ಕಳದ ಮನೆಯೇ ಅಂಗಳಕ್ಕೆ ಬರುತ್ತಿತ್ತು. ಬೂಸ್ಟು ಹಿಡಿದ ಚಪ್ಪಲಿ, ಪೆಟ್ಟಿಗೆ, ಮಮ್ಮಿಯ ಮದುವೆ ಸೀರೆ, ಒಣಮೀನು, ಎಲ್ಲವೂ ಚಾಪೆಯ ಮೇಲೆ. ಕಾಗೆ ಓಡಿಸುವ ಕೆಲಸ ನನ್ನದು. ಒಂದು ಕಡೆ ಕೂರುವವಳೇ ಅಲ್ಲ ನಾನು.

ಪಪ್ಪ ಮಣಿಪಾಲದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಮನೆಯಲ್ಲೂ ಅವರದೊಂದು ಮೈಕ್ರೋಪ್ರೊಸೆಸರ್ ಕಿಟ್ ಇತ್ತು: ಹಸಿರು ಬೋರ್ಡು, ಸಣ್ಣ ಕೀಲಿಗಳು, ಕೆಂಪು ಅಕ್ಷರ ಬೆಳಗುವ ಪಟ್ಟಿ. ಪ್ರೋಗ್ರಾಮು ಎಲ್ಲಿ ತಪ್ಪಿತೆಂದು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ತೋರಿಸುವ ಡೀಬಗ್ಗರನ್ನು ಎರಡು ವರ್ಷ ಕೂತು ಅವರೇ ಬರೆದು ಆ ಬೋರ್ಡಿನ ಒಂದು ಚಿಪ್ಪಿಗೆ ತುಂಬಿಸಿದ್ದರು. ಸ್ವಿಚ್ ಹಾಕಿದರೆ ಮೊದಲು ಮೂಡುತ್ತಿದ್ದದ್ದು ನನ್ನ ಹೆಸರು, ಲೀನಾ. ನನಗೋ, ಎಷ್ಟು ಜಂಬ!

ಚಿಪ್ಪಿನ ನಡುವೆ ಸಣ್ಣ ಗಾಜಿನ ಕಿಟಕಿ, ಅದರ ಮೇಲೊಂದು ಕಾಗದದ ಸ್ಟಿಕ್ಕರ್.

"ಅದನ್ನು ಕೀಳಬೇಡ ಆಯ್ತಾ ಬಾಯೆ," ಎಂದು ಪಪ್ಪ ಕೊಂಕಣಿಯ ಮುದ್ದಿನಲ್ಲಿ ಹೇಳಿದ್ದರು. ಯಾಕೆಂದು ಕೇಳುವಷ್ಟು ಹೊತ್ತು ನಾನು ನಿಲ್ಲಲಿಲ್ಲ.

ಒಂದು ಮಳೆಗಾಲದ ಕೊನೆಗೆ ಪಪ್ಪ ಪರೀಕ್ಷೆಯ ಕೆಲಸಕ್ಕೆಂದು ಎರಡು ವಾರ ಊರಲ್ಲಿರಲಿಲ್ಲ. ನೋಡಿದರೆ ಸ್ಟಿಕ್ಕರಿಗೂ ಬೂಸ್ಟು. ಅಯ್ಯೋ ದೇವರೇ! ಕಿತ್ತೆ, ಗಾಜು ಒರೆಸಿದೆ, ಚಿಪ್ಪನ್ನು ಬಿಡಿಸಿ ಒಣಮೀನಿನ ಪಕ್ಕದಲ್ಲಿಟ್ಟೆ. ದಿನಾ ಬಿಸಿಲಿಗೆ. ಅವರು ಬರುವ ದಿನ ಶಾಲೆಯ ಲೇಬಲನ್ನು ಅಷ್ಟೇ ಅಗಲಕ್ಕೆ ಕತ್ತರಿಸಿ ಅಂಟಿಸಿ, ಮತ್ತೆ ಸಿಕ್ಕಿಸಿದೆ.

ಪಪ್ಪ ಸ್ವಿಚ್ ಹಾಕಿದರು. ನನ್ನ ಹೆಸರು ಬರಲಿಲ್ಲ.

"ಎಂತ ಆಯ್ತು ಇದಕ್ಕೆ? ನೀರು ಬಿತ್ತಾ?"

"ಗೊತ್ತಿಲ್ಲ ಪಪ್ಪಾ."

ಮೂರು ದಿನ ಬೋರ್ಡನ್ನು ಇಂಚಿಂಚು ಹುಡುಕಿದರು. ಸ್ಟಿಕ್ಕರ್ ಇದ್ದಲ್ಲೇ ಕಂಡದ್ದರಿಂದ ಚಿಪ್ಪಿನ ಮೇಲೆ ಸಂಶಯ ಬರಲಿಲ್ಲ. ನಾನು ಒಳಗೂ ಹೊರಗೂ ಸುತ್ತುತ್ತಿದ್ದೆ. ತೇವ ಹಿಡಿದು ಸತ್ತಿತೆಂದು ಕೊನೆಗೆ ಕಿಟ್ಟನ್ನೂ ಡೀಬಗ್ಗರನ್ನು ಸಾಲುಸಾಲಾಗಿ ಬರೆದಿಟ್ಟಿದ್ದ ಪುಸ್ತಕವನ್ನೂ ಅಟ್ಟಕ್ಕೆ ಹಾಕಿದರು. ಪುಸ್ತಕವನ್ನು ಗೆದ್ದಲು ತಿಂದಿತು.

ಈಗ ಹಳೆಯ ಡೀಬಗ್ಗರುಗಳನ್ನು ಕಾಪಾಡಿಡುವವರ ಗುಂಪೊಂದಿದೆ. ಮೊನ್ನೆ ಚಿಪ್ಪನ್ನು ಅವರಿಗೆ ಕೊಟ್ಟೆ. ಅಲ್ಲಿನ ಹುಡುಗಿ ಅದನ್ನು ಯಂತ್ರಕ್ಕೆ ಸಿಕ್ಕಿಸಿ ಓದಿಸಿ ನೋಡಿದಳು.

"ಖಾಲಿ ಉಂಟು ಮೇಡಂ. ಬಿಸಿಲಿಗೆ ಇಟ್ಟಿದ್ರಾ? ಆ ಗಾಜಿಗೆ ಬಿಸಿಲು ಬಿದ್ದರೆ ಬರೆದದ್ದೆಲ್ಲ ಅಳಿಸಿ ಹೋಗ್ತದೆ."

ಮನೆಗೆ ಬಂದು ಪಪ್ಪನಿಗೆ ಹೇಳಿಯೇಬಿಟ್ಟೆ. ನಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದರು.

"ಅವತ್ತೇ ಹೇಳಬಾರದಿತ್ತಾ ಮಾರಾಯ್ತಿ? ಚಿಪ್ಪಿಗೆ ಎಂತ ಸಹ ಆಗಿರಲಿಲ್ಲ. ಪುಸ್ತಕ ಇತ್ತು, ತಲೆಯಲ್ಲೂ ಇತ್ತು. ಒಂದು ವಾರದಲ್ಲಿ ಪುನಃ ತುಂಬಿಸ್ತಿದ್ದೆ."

"ಈಗ?"

ಕಾಗದ, ಪೆನ್ನು ತರಿಸಿಕೊಂಡರು. ಬಹಳ ಹೊತ್ತು ಕೂತು ನಾಲ್ಕು ಸಾಲು ಬರೆದರು. ಮುಂದೆ ನೆನಪಾಗಲಿಲ್ಲ. ಎರಡು ವರ್ಷದ ಕೆಲಸದಲ್ಲಿ ಉಳಿದದ್ದು ನನ್ನ ಹೆಸರು ಬೆಳಗಿಸುವ ಆ ನಾಲ್ಕು ಸಾಲು ಮಾತ್ರ.