ಪೂಜೆಯ ಬಂದೂಕಿಗೆ ಬೆಲೆ

"ಇದನ್ನ ಮಾರಿದ್ರೆ ಎಷ್ಟು ಬರ್ತೈತೆ, ನೋಡಿ ಹೇಳ್ರಿ" ಎನ್ನುತ್ತಾ ದೊಡ್ಡಉಳ್ಳಾರ್ತಿಯ ಕುರಿಗಾಹಿ ಅಜ್ಜ ಕಂಬಳಿ ಬಿಚ್ಚಿ, ತಮ್ಮ ತಂದೆಯ ಕಾಲದ ಮಿಲಿಟರಿ ರೈಫಲನ್ನು ನನ್ನ ಮೇಜಿನ ಮೇಲಿಟ್ಟರು. ಚಳ್ಳಕೆರೆಯಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ. ಹಳೇ ಬಂದೂಕಿನ ಬೆಲೆ ನಿಲ್ಲುವುದು ಅದರ ನಳಿಗೆಯ ಮೇಲೆ. ಆ ನಳಿಗೆ ನನ್ನ ಹೊಟ್ಟೆಗೆ ನೇರವಾಗಿತ್ತು. ಅಜ್ಜನ ಕೈ ಇನ್ನೂ ಟ್ರಿಗರಿನ ಹತ್ತಿರವೇ ಇತ್ತು.

"ಖಾಲಿ ಐತಲ್ಲ ಅಜ್ಜ?" ಎಂದೆ, ರೂಢಿಯಂತೆ.

ಅಜ್ಜನಿಗೆ ಸಿಟ್ಟೇ ಬಂತು. "ಖಾಲಿ ಬಂದೂಕಿಗೆ ಯಾರಾದ್ರೂ ಪೂಜೆ ಮಾಡ್ತಾರೇನ್ರಿ? ಆಯುಧಪೂಜೆಗೆ ಅಂತ ನಮ್ಮಪ್ಪ ತುಂಬಿದ ಗುಂಡು ಹಂಗೇ ಐತೆ."

"ಅಜ್ಜ, ನಿಧಾನಕ್ಕೆ ಕೈ ತೆಗೀರಿ" ಎಂದು ಪಕ್ಕಕ್ಕೆ ಸರಿದೆ. ನಳಿಗೆಯನ್ನು ಮೂಲೆಯಲ್ಲಿದ್ದ ಮರಳಿನ ಚೀಲದ ಕಡೆ ತಿರುಗಿಸಿ, ತುಕ್ಕು ಹಿಡಿದ ಬೋಲ್ಟನ್ನು ಉಸಿರು ಬಿಗಿಹಿಡಿದು ಎಳೆದೆ. ಗುಂಡು ಹೊರಬಂದು ಮೇಜಿನ ಮೇಲೆ ಉರುಳಿತು.

ಅಜ್ಜ ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ನಳಿಗೆಯ ತುದಿಯಲ್ಲಿ ಮೆತ್ತಿದ್ದ ಕುಂಕುಮ ತೋರಿಸಿ, "ವರ್ಷಾ ವರ್ಷಾ ನಮ್ಮ ಮನೆ ಮಕ್ಕಳೆಲ್ಲ ಇಲ್ಲಿಗೇ ಹಣೆ ಹಚ್ಚಿ ಕೈ ಮುಗೀತಾವೆ" ಎಂದರು, ಹೆಮ್ಮೆಯಿಂದ.

ಅಂದು ಬೆಲೆ ಹೇಳಲು ನನ್ನಿಂದಾಗಲಿಲ್ಲ. ಈಗಲೂ ಯಾವುದಾದರೂ ಮಗುವಿನ ಹಣೆಯಲ್ಲಿ ದುಂಡಗಿನ ಕುಂಕುಮ ಕಂಡರೆ ಆ ನಳಿಗೆಯ ಬಾಯಿ ನೆನಪಾಗುತ್ತದೆ.