ಪಾಸ್‌ಪೋರ್ಟಿಗೊಂದು ಮನೆ

ಸಿರ್ಸಿ ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಕಚೇರಿಗಳ ಅಸಡ್ಡೆ ಹೊಸದಲ್ಲ. ಆದರೂ ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಡೋಲ್ಮಾ ಚಳಿಗಾಲದಲ್ಲಿ ಯಲ್ಲಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಮಾರುವವರು. ಅವರ ಅಪ್ಪ ಅಮ್ಮ ಟಿಬೆಟ್‌ನಿಂದ ಓಡಿಬಂದು ಮುಂಡಗೋಡದ ನಿರಾಶ್ರಿತರ ಕ್ಯಾಂಪು ಸೇರಿದವರು. ಆದರೆ ಡೋಲ್ಮಾ ಹುಟ್ಟಿದ್ದು ಎಪ್ಪತ್ತೆಂಟರಲ್ಲಿ, ಯಲ್ಲಾಪುರದ ಆಸ್ಪತ್ರೆಯಲ್ಲಿ. ಎಂಬತ್ತೇಳರ ಜುಲೈಗೆ ಮೊದಲು ಈ ನೆಲದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಎಲ್ಲಿಯವರೇ ಇರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಟಿಬೆಟನ್ನರಿಗೂ ಇದು ಅನ್ವಯ ಎಂದು ಹೈಕೋರ್ಟು ಸ್ಪಷ್ಟವಾಗಿ ಹೇಳಿದೆ. ಆ ತೀರ್ಪು ಹಿಡಿದುಕೊಂಡೇ ಪಾಸ್‌ಪೋರ್ಟಿಗೆಂದು ಅವರ ಜೊತೆ ಕಚೇರಿಗೆ ಹೋಗಿದ್ದೆ.

ಅಧಿಕಾರಿ ತೀರ್ಪನ್ನು ಓದದೇ ಪಕ್ಕಕ್ಕಿಟ್ಟರು. "ಕ್ಯಾಂಪಿನ ಮನೆ ಬಿಡ್ತೇನೆ ಅಂತ ಮೊದಲು ಬರೆದುಕೊಡ್ಲಿ. ಆಮೇಲೆ ನೋಡುವ."

ಡೋಲ್ಮಾಗೆ ಇರುವುದು ಅದೊಂದೇ ಮನೆ. "ಯಾವ ಕಾನೂನಿನಲ್ಲಿದೆ ಇದು?" ನನ್ನ ದನಿ ಏರಿತು. "ಪ್ರಜೆ ಅಂತ ಕೋರ್ಟೇ ಹೇಳಿದೆಯಲ್ಲ!"

"ಕೋರ್ಟು ಹೇಳ್ತದೆ ವಕೀಲ್ರೇ. ನಮಗೆ ಮೇಲಿನಿಂದ ಬರಬೇಕಲ್ಲ."

ಹೈಕೋರ್ಟಿಗಿಂತ ಮೇಲೆ ಇವರಿಗೆ ಇನ್ಯಾರು ಕೂತಿದ್ದಾರೋ! ನಾನು ಬಾಯಿ ತೆರೆಯುವಷ್ಟರಲ್ಲಿ ಡೋಲ್ಮಾ ತಣ್ಣಗೆ ಕೇಳಿದರು: "ಸಾಹೇಬ್ರ, ಈ ದೇಶದವ್ರು ಅನ್ನಿಸ್ಕೊಳ್ಳಾಕ ನೀವು ಯಾವ ಮನಿ ಬಿಟ್ಟೀರಿ?"

ಅಧಿಕಾರಿ ತಬ್ಬಿಬ್ಬಾದರು. ಆಮೇಲೆ ನಗುತ್ತ ನನ್ನ ಕಡೆ ತಿರುಗಿ, "ಅರೆ, ಇವರು ಕನ್ನಡ ಎಷ್ಟು ಚಂದ ಮಾತಾಡ್ತಾರೆ!" ಅಂದರು.

ಇಷ್ಟು ವರ್ಷ ನಾನೂ ಕನ್ನಡದಲ್ಲೇ ವಾದ ಮಾಡಿದ್ದೇನೆ. ನನ್ನ ಕನ್ನಡವನ್ನು ಇವತ್ತಿನವರೆಗೆ ಒಬ್ಬರೂ ಹೊಗಳಿಲ್ಲ.